ಇದು ಯಾವ ಸಿನಿಮಾದ ಹಾಡು?

ನಮಸ್ಕಾರ. ಬೆಳಗ್ಗೆ ಏಳೂವರೆ ಗಂಟೆ. ಪಂಪ್‌ವೆಲ್‌ನಿಂದ ಹೊರಟು ನಂತೂರು ದಾಟಿದ್ದೇವೆ. ಅಕ್ಟೋಬರ್ ಅರ್ಧ ಕಳೆದರೂ ಮಳೆಗೆ ಹೋಗುವ ಮನಸ್ಸಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದಾರೆ, ಅವರ ಮಡಿಲಲ್ಲಿ ಪತ್ರೊಡೆಯ ಡಬ್ಬಿ ಇದೆ. ಕಟಪಾಡಿಯ ಚಿಕ್ಕಮ್ಮನ ಮನೆಯಲ್ಲಿ ಅವರನ್ನು ಇಳಿಸಿ ನಾನು ಮಲ್ಪೆಗೆ ಹೋಗಬೇಕು. ನಿಮಗೆ ಈಗ ಕೇಳಿಸುತ್ತಿರುವುದು ವೈಪರ್ ಸದ್ದು ಮಾತ್ರ. ಕಾರಿನೊಳಗೆ ಹಾಡೂ ಇತ್ತು. ಅದನ್ನು ನನ್ನ ವಿಡಿಯೊದಲ್ಲಿ ಕೇಳಿಸುವ ಹಕ್ಕು ನನಗಿಲ್ಲ. ಹಾಗಾಗಿ ಹಾಡಿನ ಜಾಗದಲ್ಲಿ ಈ ಮಾತುಗಳನ್ನು ಕೂರಿಸಿದ್ದೇನೆ.

ಕೂಳೂರಿನ ಸೇತುವೆ ಬರುವಷ್ಟರಲ್ಲಿ ಅಮ್ಮ ಕೇಳಿದರು: "ಇದು ಯಾವ ಸಿನಿಮಾದ ಹಾಡು?"

ಯಾವ ಸಿನಿಮಾದ್ದೂ ಅಲ್ಲ ಎಂದೆ. "ಮತ್ತೆ ಯಾರಿಗಾಗಿ ಹಾಡಿದ್ದು?" ಎಂದರು. ಈ ಪ್ರಶ್ನೆ ನನ್ನನ್ನು ಸುರತ್ಕಲ್‌ವರೆಗೂ ಬಿಡಲಿಲ್ಲ. ಈ ವರ್ಷ, ಅಂದರೆ 2025ರಲ್ಲಿ, ನೋಡಿದ ಸಿನಿಮಾಗಳ ಬಗ್ಗೆ ಮಾತನಾಡಬೇಕೆಂದು ಕ್ಯಾಮೆರಾ ಹಿಡಿದು ಹೊರಟಿದ್ದೆ. ಅವುಗಳ ಬಗ್ಗೆ ಖಂಡಿತ ಹೇಳುತ್ತೇನೆ. ಆದರೆ ಹೇಳುವುದೆಲ್ಲವೂ ಅಮ್ಮನ ಆ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಮೊದಲು 'ಸು ಫ್ರಮ್ ಸೋ'. ಜುಲೈ 25ರಂದು ತೆರೆಗೆ ಬಂತು. ನಾನು ಎರಡು ಸಲ ನೋಡಿದೆ, ಎರಡನೆಯ ಸಲ ಅಮ್ಮನ ಜೊತೆ. ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡು ಅವರೇ ಅಶೋಕನಾಗಿ ನಟಿಸಿದ್ದಾರೆ. ತುಮಿನಾಡು ಇರುವುದು ತಲಪಾಡಿಯ ಗಡಿ ದಾಟಿದರೆ ಸಿಗುವ ಮಂಜೇಶ್ವರದ ಕಡೆ, ಅಂದರೆ ನಮ್ಮ ಭಾಷೆ ರಾಜ್ಯದ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಜಾಗದಲ್ಲಿ. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಊರಿಗೆ ಊರೇ ನಂಬುತ್ತದೆ. ಕಥೆ ಇಷ್ಟೇ. ಇದನ್ನು ಹಿಡಿದು ನಿಲ್ಲಿಸಿರುವುದು ಊರಿನವರ ಮಾತು. ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ಹಿಡಿಯುತ್ತಾರೆ, ಮೂರನೆಯವರು ಅಂಗಳದಿಂದಲೇ ತಿದ್ದುತ್ತಾರೆ. ನಮ್ಮ ಮದುವೆ ಮನೆಗಳಲ್ಲಿ ಅಡುಗೆಯ ಒಲೆಯ ಪಕ್ಕ ನಿಂತರೆ ಕೇಳಿಸುವುದು ಇದೇ ಲಯ.

ಇದು ನನಗೆ ಯಾಕೆ ಇಷ್ಟು ಮುಖ್ಯ ಎನ್ನುವುದನ್ನು ಹೇಳಬೇಕು. ನಾನು ಚಿಕ್ಕವಳಾಗಿದ್ದಾಗ ಕನ್ನಡ ಸಿನಿಮಾದಲ್ಲಿ "ಎಂತ ಮಾರಾಯ" ಎಂದು ಯಾರಾದರೂ ಬಾಯಿ ತೆರೆದರೆ ಅವನು ಹೋಟೆಲಿನ ಭಟ್ಟನೇ ಆಗಿರುತ್ತಿದ್ದ. ಅವನು ಬಂದನೆಂದರೆ ಚಿತ್ರಮಂದಿರ ನಗಬೇಕು, ನಕ್ಕ ಮೇಲೆ ಅವನು ಅಡುಗೆಮನೆಗೆ ಮರಳಬೇಕು. ಪ್ರೀತಿಸುವವನು, ಸಾಯುವವನು, ಸೇಡು ತೀರಿಸಿಕೊಳ್ಳುವವನು ಬೇರೆ ಕನ್ನಡ ಮಾತನಾಡುತ್ತಿದ್ದ. ಬೆಂಗಳೂರಿಗೆ ಓದಲು ಹೋದ ಮೊದಲ ವರ್ಷ ನಾನು "ಉಂಟು" ಎನ್ನುವುದನ್ನು ನುಂಗಿಕೊಂಡು "ಇದೆ" ಎನ್ನಲು ಕಲಿತೆ. 2014ರಲ್ಲಿ ಮಲ್ಪೆಯನ್ನು ತುಂಬಿಕೊಂಡು 'ಉಳಿದವರು ಕಂಡಂತೆ' ಬಂತು. 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಬಂತು. ಅದರಲ್ಲಿ ರಾಜ್ ಬಿ. ಶೆಟ್ಟಿ ಆಡಿದ್ದು ನಮ್ಮ ಮನೆಯ ಕನ್ನಡ. ಮದುವೆಯಾಗದ, ಕೂದಲು ಉದುರಿದ ಒಬ್ಬ ಮೇಷ್ಟ್ರ ಸಂಕಟ ಆ ಕನ್ನಡದಲ್ಲಿ ಹೊರಬಂದಾಗ ಯಾರೂ ಭಾಷೆಯನ್ನು ನೋಡಿ ನಗಲಿಲ್ಲ. ಅದನ್ನು ನೋಡಿ ಹೊರಬಂದ ದಿನ ನಾನು ಹಾಸ್ಟೆಲಿನಲ್ಲಿ ಜೋರಾಗಿ "ಉಂಟು" ಎಂದಿದ್ದೆ.

'ಸು ಫ್ರಮ್ ಸೋ'ದಲ್ಲಿ ನಗು ಹೆಚ್ಚು, ಮೊದಲಾರ್ಧ ಪೂರ್ತಿ ನಗುವೇ. ಆದರೆ ಆ ನಗು ನಮ್ಮ ಮಾತಿನ ಮೇಲೆ ಬಿದ್ದದ್ದಲ್ಲ, ಮಾತಿನ ಒಳಗಿನಿಂದ ಎದ್ದದ್ದು. ದ್ವಿತೀಯಾರ್ಧದಲ್ಲಿ ಒಂದೆರಡು ಕಡೆ ಕಥೆ ಅವಸರದಿಂದ ಒಳ್ಳೆಯತನದ ಕಡೆಗೆ ಓಡುತ್ತದೆ ಎಂದು ನನಗೆ ಅನಿಸಿತು. ಸುಲೋಚನಾಳ ಮಗಳು ಭಾನುವಿನ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕಿತ್ತು. ಆದರೂ ಈ ವರ್ಷದಲ್ಲಿ ನನಗೆ ಅತ್ಯಂತ ಆಪ್ತವಾದ ಚಿತ್ರ ಯಾವುದೆಂದು ಕೇಳಿದರೆ ಹೆಸರು ಹೇಳಲು ತಡವರಿಸುವುದಿಲ್ಲ.

ಮುಲ್ಕಿಯ ಸೇತುವೆ ಬಂತು. ಶಾಂಭವಿ ನದಿ ಕೆಂಪಾಗಿದೆ, ನೋಡಿ. ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ.

'ಮಿಥ್ಯ' ಮಾರ್ಚ್ ತಿಂಗಳಲ್ಲಿ ಬಂತು. ನೋಡಿದವರು ಕಡಿಮೆ, ಅದಕ್ಕೇ ಇಲ್ಲಿ ನಿಂತು ಹೇಳುತ್ತಿದ್ದೇನೆ. ಸುಮಂತ್ ಭಟ್ ಅವರ ಮೊದಲ ಚಿತ್ರ. ತಂದೆ ತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗನನ್ನು ಮುಂಬೈಯಿಂದ ಉಡುಪಿಯ ಸಂಬಂಧಿಕರ ಮನೆಗೆ ಕರೆತರುತ್ತಾರೆ. ಆ ಪಾತ್ರದಲ್ಲಿ ಆತಿಶ್ ಶೆಟ್ಟಿ ಎನ್ನುವ ಹುಡುಗ ಎಷ್ಟೋ ಹೊತ್ತು ಏನೂ ಹೇಳುವುದಿಲ್ಲ. ನಮ್ಮ ಕರಾವಳಿಗೆ ಮುಂಬೈ ಹೊಸತಲ್ಲ. ಪ್ರತಿ ಎರಡನೇ ಮನೆಯಿಂದ ಒಬ್ಬರಾದರೂ ಅಲ್ಲಿಯ ಹೋಟೆಲಿಗೋ ಕಚೇರಿಗೋ ಹೋದವರೇ. ಹಿಂತಿರುಗಿ ಬರುವ ಮಕ್ಕಳಿಗೆ ಊರಿನ ಅಂಗಳದಲ್ಲಿ ಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಇರುವುದನ್ನು ನಾವೆಲ್ಲ ಬೇಸಿಗೆ ರಜೆಯಲ್ಲಿ ನೋಡಿದ್ದೇವೆ. ಈ ಚಿತ್ರ ಆ ಮುಜುಗರಕ್ಕೆ ಶೋಕವನ್ನು ಸೇರಿಸುತ್ತದೆ. ಮಿಥುನ್ ಮುಕುಂದನ್ ಅವರ ಸಂಗೀತ ಅಳು ಎಂದು ಅಪ್ಪಣೆ ಕೊಡುವುದಿಲ್ಲ. ಹುಡುಗ ಸುಮ್ಮನಿದ್ದರೆ ಅದೂ ಸುಮ್ಮನಿರುತ್ತದೆ.

ನಾನು ನೋಡಿದ ಪ್ರದರ್ಶನದಲ್ಲಿ ಏಳು ಜನ ಇದ್ದೆವು. ಎಸಿ ಗರಗರ ಎನ್ನುತ್ತಿತ್ತು, ಪಕ್ಕದ ಸಭಾಂಗಣದ ಹೊಡೆದಾಟದ ಸದ್ದು ಗೋಡೆ ತೂರಿ ಬರುತ್ತಿತ್ತು. ಮಧ್ಯಂತರದಲ್ಲಿ ಹೋಗಿ ಚಿತ್ರಮಂದಿರದವರಿಗೆ ಹೇಳಿದೆ. "ಸಿನಿಮಾದಲ್ಲಿ ಏನೂ ಸದ್ದೇ ಇಲ್ಲವಲ್ಲ ಮೇಡಂ, ಏನು ತೊಂದರೆ?" ಎಂದರು. ನನಗೆ ನಿಜವಾಗಿ ದುಃಖವಾಯಿತು. ಸದ್ದಿಲ್ಲದ ಸಿನಿಮಾಕ್ಕೇ ಅಲ್ಲವೇ ಒಳ್ಳೆಯ ಗೋಡೆ ಬೇಕಾಗಿರುವುದು?

'ಕಾಂತಾರ: ಅಧ್ಯಾಯ 1' ಬಗ್ಗೆ ಎಲ್ಲರೂ ಮಾತನಾಡಿದ್ದಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ಅಕ್ಟೋಬರ್ 2ರಂದೇ ನೋಡಿದೆ. ಕಾಡು, ಕತ್ತಲು, ಬೆಂಕಿ, ಕದಂಬರ ಕಾಲದ ಅರಮನೆ: ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಮೊದಲ 'ಕಾಂತಾರ'ದ ಕೊನೆಯಲ್ಲಿ ದೈವ ಒಂದೇ ಒಂದು ಮಾತಾಡದೆ ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಸೇರಿಸಿ ಎದೆಗೆ ಒತ್ತಿಕೊಳ್ಳುತ್ತದಲ್ಲ, ಆ ಗಳಿಗೆಗೆ ಸಮನಾದದ್ದು ಇದರಲ್ಲಿ ನನಗೆ ಸಿಗಲಿಲ್ಲ. ಯುದ್ಧದ ಸದ್ದು ದೊಡ್ಡದಾದಷ್ಟೂ ದೈವದ ಕೂಗು ಸಣ್ಣದಾಯಿತು. ಚಿತ್ರಮಂದಿರದ ಹೊರಗೆ ದೈವದ ಅನುಕರಣೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಅವರು ಕೇಳಿಕೊಂಡದ್ದು ಸರಿ. ನಮ್ಮ ಮನೆಯ ಕೋಲದಲ್ಲಿ ಆ ಕೂಗು ಕೇಳಿದಾಗ ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಮೊಬೈಲ್ ಮುಂದೆ ಕೂಗಿ ತೋರಿಸಲು ಅದು ಇರುವುದಲ್ಲ.

ಈಗ ಹಾಡಿಗೆ ಬರುತ್ತೇನೆ. ಮೊದಲ 'ಕಾಂತಾರ'ದ 'ವರಾಹ ರೂಪಂ' ನೆನಪಿದೆಯಲ್ಲ? ಅದು ತಮ್ಮ 'ನವರಸಂ' ಹಾಡನ್ನು ಹೋಲುತ್ತದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಎಂಬ ಸ್ವತಂತ್ರ ತಂಡ ನ್ಯಾಯಾಲಯಕ್ಕೆ ಹೋಯಿತು. ಚಿತ್ರತಂಡ ಅದನ್ನು ನಿರಾಕರಿಸಿತು. 2022ರ ನವೆಂಬರಿನಲ್ಲಿ ಚಿತ್ರ ಒಟಿಟಿಗೆ ಬಂದಾಗ ಹಾಡಿನ ಸಾಹಿತ್ಯ ಅದೇ ಇತ್ತು, ರಾಗ ಸಂಯೋಜನೆ ಬದಲಾಗಿತ್ತು. ಮುಂದೆ ಮೂಲ ರೂಪವೇ ಮರಳಿತು. ಯಾರದು ಸರಿ ಎಂದು ನಾನು ತೀರ್ಪು ಕೊಡುವುದಿಲ್ಲ. ನನಗೆ ಮರೆಯದಿರುವುದು ಆ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದು. ಟಿವಿಯಲ್ಲಿ ಹಾಡು ಶುರುವಾದ ಹತ್ತು ಸೆಕೆಂಡಿನಲ್ಲಿ ಅಮ್ಮ, ಚಿಕ್ಕಪ್ಪ, ಎಂಟನೇ ತರಗತಿಯ ತಂಗಿ, ಮೂವರೂ ಒಟ್ಟಿಗೆ ಹೇಳಿದರು: "ಇದು ಅದಲ್ಲ!" ಇಷ್ಟು ಸೂಕ್ಷ್ಮವಾದ ಕಿವಿ ಇರುವ ಮನೆ ನಮ್ಮದು. ಹಾಗಿದ್ದೂ 'ನವರಸಂ' ಎಂಬ ಹಾಡೊಂದು ಇದೆ ಎಂದು ನಮಗೆ ತಿಳಿದದ್ದು ಜಗಳದ ಸುದ್ದಿಯಿಂದ. ಅಂದು ರಾತ್ರಿಯೇ ಹುಡುಕಿ ಕೇಳಿದೆ, ಆಮೇಲೆ ಆ ತಂಡದ ಬೇರೆ ಹಾಡುಗಳನ್ನೂ ಕೇಳಿದೆ. ಸಿನಿಮಾದ ಬಾಗಿಲಿನಿಂದ ಬರದಿದ್ದರೆ ಹಾಡು ನಮ್ಮ ಮನೆಯೊಳಗೆ ಬರುವುದೇ ಇಲ್ಲವೇ?

ಮೊದಲು ಹೀಗಿರಲಿಲ್ಲ. ಮಂಗಳೂರಿನವರು ಇದನ್ನು ನೆನಪಿಸಿಕೊಳ್ಳಲೇಬೇಕು. ಬಿಜೈಯಲ್ಲಿ ನಮ್ಮ ಪಕ್ಕದ ಮನೆಯ ಬಾಯಮ್ಮ ಭಾನುವಾರ ಇಗರ್ಜಿಯಿಂದ ಬಂದ ಕೂಡಲೇ ವಿಲ್ಫಿ ರೆಬಿಂಬಸ್ ಅವರ ಕ್ಯಾಸೆಟ್ ಹಾಕುತ್ತಿದ್ದರು. ಕೊಂಕಣ ಕೋಗಿಲೆ ಎಂದೇ ಹೆಸರಾಗಿದ್ದ ವಿಲ್ಫಿಯವರು ತಾವೇ ಬರೆದು, ತಾವೇ ರಾಗ ಹಾಕಿ, ಊರೂರಲ್ಲಿ 'ವಿಲ್ಫಿ ನೈಟ್' ನಡೆಸಿ ಹಾಡಿದವರು. ಆ ಹಾಡುಗಳಿಗೆ ನಾಯಕ ನಾಯಕಿಯ ಹಂಗಿರಲಿಲ್ಲ. ಸ್ವತಂತ್ರ ಸಂಗೀತಕ್ಕೆ ಹೇಳುವ ಇಂಡೀ ಎಂಬ ಪದ ನಮ್ಮ ಊರಿಗೆ ಬರುವ ಎಷ್ಟೋ ಮೊದಲೇ ಅದರ ಕೆಲಸ ಇಲ್ಲಿ ಕೊಂಕಣಿಯಲ್ಲಿ ನಡೆಯುತ್ತಿತ್ತು. ಮಾಂಡ್ ಸೊಭಾಣ್ ಬಳಗ 2008ರ ಜನವರಿಯಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಬರೆಸಿತು. ಶಕ್ತಿನಗರದ ಕಲಾಂಗಣದಲ್ಲಿ ಅವರ ತಿಂಗಳ ಕಾರ್ಯಕ್ರಮಕ್ಕೆ ಕೊಂಕಣಿ ಬಾರದ ನಾನೂ ಹೋಗಿ ಕುಳಿತಿದ್ದೇನೆ. ಗುಮಟೆಯ ಪೆಟ್ಟು ಬಿದ್ದಾಗ ಭಾಷೆ ಗೊತ್ತಿಲ್ಲ ಎನ್ನುವುದು ಮರೆತುಹೋಗುತ್ತದೆ.

ನಲವತ್ತು ನಿಮಿಷದ ಆಲ್ಬಮ್ ಉದ್ದವಾಯಿತು, ಈಗಿನವರಿಗೆ ತಾಳ್ಮೆಯಿಲ್ಲ ಎನ್ನುವವರಿಗೂ ಒಂದು ಮಾತು. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ನಮ್ಮ ವಿದ್ವಾಂಸರು ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು, ಅಂದರೆ ಸಿರಿಯ ಕಥೆ ಹೇಳುವ ತುಳು ಹಾಡನ್ನು, ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳು! ಬೆಳಗಿನವರೆಗೆ ಯಕ್ಷಗಾನಕ್ಕೆ ಕುಳಿತ ಊರು ಇದು. ಉದ್ದ ನಮಗೆ ಯಾವತ್ತೂ ಅಡ್ಡಿಯಾಗಿರಲಿಲ್ಲ.

ಕಾಪು ಬಂತು. ದೂರದಲ್ಲಿ ಬಂಡೆಯ ಮೇಲೆ ಕಾಣುತ್ತಿರುವುದು 1901ರ ದೀಪಸ್ತಂಭ. ಮಳೆ ಜೋರಾಗಿದೆ, ಇಳಿಯುವುದಿಲ್ಲ.

ಇಷ್ಟು ಹೊತ್ತು ಕಾರಿನಲ್ಲಿ ಇದ್ದದ್ದು ಯಾವ ಆಲ್ಬಮ್ ಎಂದು ಹೇಳಿಲ್ಲ. ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಮ್, 2008ರದ್ದು. ಹೊಸತಲ್ಲ, ಗೊತ್ತು. ಹೊಸ ಆಲ್ಬಮ್‌ಗಳನ್ನೂ ಕೇಳುತ್ತೇನೆ. ಬೆಂಗಳೂರಿನ ಸ್ವರಾತ್ಮ ತಂಡದ ಆಲ್ಬಮ್‌ಗಳಿಗೆ ಮರಳಿ ಮರಳಿ ಹೋಗುತ್ತೇನೆ. ಆದರೆ ಅಮ್ಮನನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿಸಬೇಕು ಎಂದಾಗ ಕೈ ಇದರ ಕಡೆಗೇ ಹೋಯಿತು. ಕನ್ನಡ, ಹಿಂದಿ, ಇಂಗ್ಲಿಷ್ ಒಂದೇ ತಟ್ಟೆಯಲ್ಲಿವೆ. ಕೆಲವು ಹಿಂದಿ ಹಾಡುಗಳು ಈಗ ನನಗೆ ತುಸು ಸಕ್ಕರೆ ಹೆಚ್ಚಾದಂತೆ ಅನಿಸುತ್ತವೆ. ಆದರೆ ಸಂತ ಶಿಶುನಾಳ ಶರೀಫರ ಎರಡು ಪದಗಳನ್ನು ಅವರು ಎತ್ತಿಕೊಂಡ ಬಗೆ ನನ್ನನ್ನು ಇವತ್ತಿಗೂ ಎಬ್ಬಿಸಿ ಕೂರಿಸುತ್ತದೆ. ಗಿಟಾರ್, ಪಿಟೀಲು, ಡ್ರಮ್ಸ್ ಎಲ್ಲ ಇದ್ದೂ ಪದ ಮುಳುಗುವುದಿಲ್ಲ. 1889ರಲ್ಲಿ ತೀರಿಕೊಂಡ ಶರೀಫಜ್ಜನ ಪಕ್ಕದಲ್ಲಿ ನಿಂತು ಹಾಡಿದಂತಿದೆ.

ನನ್ನ ಆಸೆ ಏನೆಂದರೆ, ಹೀಗೊಂದು ಆಲ್ಬಮ್ ನಮ್ಮ ಕರಾವಳಿಯ ಕನ್ನಡದಲ್ಲಿ, ತುಳುವಿನಲ್ಲಿ ಬರಬೇಕು. ನಾಟಿ ಗದ್ದೆಯ ಓಬೇಲೆ ಹಾಡಿನ ಉಸಿರು, ಹುಲಿವೇಷದ ತಾಸೆಯ ಪೆಟ್ಟು ಅದರಲ್ಲಿ ಇರಬೇಕು. ಅದನ್ನು ಯಾರೂ ಯಾವ ದೃಶ್ಯಕ್ಕೂ ಹೊಂದಿಸಿ ಬರೆದಿರಬಾರದು. ಹಾಡುವ ಹುಡುಗ ಹುಡುಗಿಯರು ಇಲ್ಲೇ ಇದ್ದಾರೆ. ಮಣಿಪಾಲದ ಕಾಲೇಜು ವೇದಿಕೆಗಳಲ್ಲಿ, ಮಂಗಳೂರಿನ ಕೆಫೆಗಳಲ್ಲಿ ಅವರು ಹಾಡುವುದನ್ನು ಕೇಳಿದ್ದೇನೆ. ಸ್ವಂತ ಹಾಡು ಒಂದು ಹಾಡುತ್ತಾರೆ, ಜನ ಮೊಬೈಲ್ ನೋಡುತ್ತಾರೆ, ಮರುಕ್ಷಣ ಹಾಡುವವರು ಸಿನಿಮಾ ಹಾಡಿಗೆ ಹೋಗುತ್ತಾರೆ. 'ಸು ಫ್ರಮ್ ಸೋ'ಗೆ ನಾವು ಬಾಯಿಂದ ಬಾಯಿಗೆ ಹೇಳಿ ಚಿತ್ರಮಂದಿರ ತುಂಬಿಸಿದೆವಲ್ಲ, ಅದರ ಹತ್ತರಲ್ಲಿ ಒಂದು ಪಾಲಾದರೂ ಇವರಿಗೆ ಸಿಗಬೇಡವೇ? ನಿಮ್ಮ ಊರಿನಲ್ಲಿ ಯಾರಾದರೂ ಸ್ವಂತ ಹಾಡು ಮಾಡಿದ್ದರೆ ಕೆಳಗೆ ಬರೆಯಿರಿ. ಒಂದೊಂದನ್ನೂ ಪೂರ್ತಿ ಕೇಳುತ್ತೇನೆ. ಇದು ಮಾತಿಗೆ ಹೇಳುತ್ತಿರುವುದಲ್ಲ.

ಕಟಪಾಡಿ. ಪೇಟೆ ದಾಟಿ ಒಳರಸ್ತೆಗೆ ತಿರುಗಿದೆವು. ಚಿಕ್ಕಮ್ಮನ ಮನೆ ಕಾಣುತ್ತಿದೆ. ಅದು ಹಳೆಯ ಮಂಗಳೂರು ಹೆಂಚಿನ ಮಾಡು, ಈಗ ಅರ್ಧಕ್ಕೆ ತಗಡು ಹೊದೆಸಿದ್ದಾರೆ. ಅಷ್ಟರಲ್ಲಿ 'ಸೋರುತಿಹುದು ಮನೆಯ ಮಾಳಿಗಿ' ಶುರುವಾಯಿತು. ಅಮ್ಮ ಮುಂದಕ್ಕೆ ಬಾಗಿದರು.

"ಇದು ಅಶ್ವತ್ಥ್ ಹಾಡುತ್ತಿದ್ದದ್ದಲ್ಲವೇ?"

ಹೌದು, ಅದೇ ಪದ, ಇವರು ಬೇರೆ ಎಂದೆ. ಅಮ್ಮ ಮತ್ತೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ಹೇಳಿದರು: "ನೀನು ಹುಟ್ಟಿದ ವರ್ಷ ನಮ್ಮ ಮನೆಯಲ್ಲಿ ಒಂಬತ್ತು ಕಡೆ ಸೋರುತ್ತಿತ್ತು. ತೊಟ್ಟಿಲನ್ನು ದಿನಕ್ಕೆ ಮೂರು ಸಲ ಜಾಗ ಬದಲಾಯಿಸುತ್ತಿದ್ದೆ."

ಇದನ್ನು ಅವರು ನನಗೆ ಹಿಂದೆ ಯಾವತ್ತೂ ಹೇಳಿರಲಿಲ್ಲ.

ಗೇಟಿನ ಹತ್ತಿರ ನಿಲ್ಲಿಸಿದೆ. ಚಿಕ್ಕಮ್ಮ ಕೊಡೆ ಹಿಡಿದು ಅಂಗಳಕ್ಕೆ ಬಂದರು. ನಾನು ಇಂಜಿನ್ ಆರಿಸಲು ಕೈ ಚಾಚಿದಾಗ ಅಮ್ಮ ಹಿಂದಿನಿಂದ ನನ್ನ ಭುಜ ಮುಟ್ಟಿದರು.

"ಇರು. ಮುಗಿಯಲಿ."