ಉಚಿತ ನೋಂದಣಿಗೆ ದುಡ್ಡು ಕಟ್ಟಿದ್ದೀರಾ? ಮರಳಿ ಕೇಳಲು ದಾರಿಗಳಿವೆ

[ಪರದೆ: ಮೊಬೈಲಿನಲ್ಲಿ ಹುಡುಕಾಟದ ಫಲಿತಾಂಶ. ಮೊದಲ ಸಾಲಿನ ಮೇಲೆ ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರ.]

ನಮಸ್ಕಾರ. ಹೊಲಿಗೆ ಅಂಗಡಿ, ಹಿಟ್ಟಿನ ಗಿರಣಿ, ಬೇಕರಿ ನಡೆಸುವವರು ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಕೇಳುವ ಕಾಗದಗಳಲ್ಲಿ ಉದ್ಯಮ್ ಪ್ರಮಾಣಪತ್ರವೂ ಒಂದು, ಅಂದರೆ ಸಣ್ಣಪುಟ್ಟ ಉದ್ಯಮಗಳನ್ನು ನೋಂದಾಯಿಸಿಕೊಂಡು ಕೇಂದ್ರ ಸರ್ಕಾರ ಕೊಡುವ ಪತ್ರ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಸಂಪೂರ್ಣ ಉಚಿತ. ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ. ಆದರೂ ಇದಕ್ಕೆಂದು ಸರ್ಕಾರಿ ತಾಣದಂತೆ ಕಾಣುವ ಖಾಸಗಿ ಜಾಲತಾಣಗಳಿಗೆ ಸಾವಿರಾರು ರೂಪಾಯಿ ಕಟ್ಟಿ, ಅದೇ ಸರ್ಕಾರಿ ಶುಲ್ಕ ಎಂದುಕೊಂಡವರಿದ್ದಾರೆ. ದಿನದ ಸಂಪಾದನೆಯಲ್ಲಿ ಬದುಕುವವರ ಜೇಬಿಗೆ ಹೀಗೆ ಕೈ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

[ಪರದೆ: ಅಂಥ ಜಾಲತಾಣವೊಂದರ ಮಾದರಿ ಪುಟ, ನಿಧಾನವಾಗಿ ಕೆಳಕ್ಕೆ ಸರಿಯುತ್ತದೆ.]

ಪುಟವನ್ನು ಹತ್ತಿರದಿಂದ ನೋಡೋಣ. ಮೇಲೆ ತ್ರಿವರ್ಣದ ಪಟ್ಟಿ, ಪಕ್ಕದಲ್ಲಿ ನಾಲ್ಕು ಸಿಂಹಗಳ ಲಾಂಛನ. ಕೆಳಗೆ ಆಧಾರ್ ಸಂಖ್ಯೆ, ಉದ್ಯಮದ ಹೆಸರು, ವಿಳಾಸ ತುಂಬುವ ಖಾನೆಗಳು. ಎಲ್ಲವನ್ನೂ ತುಂಬಿ ‘ಸಲ್ಲಿಸಿ’ ಒತ್ತಿದ ಮೇಲಷ್ಟೇ ಹಣದ ಮಾತು ಬರುತ್ತದೆ. ಪುಟದ ತಳಕ್ಕೆ ಹೋದರೆ, ಬಿಳಿ ಹಿನ್ನೆಲೆಯಲ್ಲಿ ಬೂದು ಬಣ್ಣದ ಅಕ್ಷರ: ‘ಇದು ಖಾಸಗಿ ಸಲಹಾ ಸಂಸ್ಥೆ, ಸರ್ಕಾರದೊಂದಿಗೆ ಸಂಬಂಧವಿಲ್ಲ.’

ಅವರ ಗುರಾಣಿಯೇ ಈ ಸಾಲು. ‘ನಾನೇ ಒಪ್ಪಿ ಕಟ್ಟಿದೆನಲ್ಲ, ಇನ್ನೇನು ಮಾಡಲಾದೀತು’ ಎಂದು ಜನ ಸುಮ್ಮನಾಗುವುದೂ ಇದರಿಂದಲೇ. ದಯವಿಟ್ಟು ಸುಮ್ಮನಾಗಬೇಡಿ. ಆದರೆ ನೀವು ಮೋಸಹೋದದ್ದು ಯಾವ ಬಗೆಯ ತಾಣದಲ್ಲಿ ಎಂದು ಮೊದಲು ಗುರುತಿಸಿಕೊಳ್ಳಿ.

ಹಣ ಪಡೆದು ಮಾಯವಾಗುವ ಅಪ್ಪಟ ನಕಲಿಗಳು ಒಂದು ಬಗೆ. ಪಾಸ್‌ಪೋರ್ಟ್ ಹೆಸರಿನಲ್ಲಿ ಇಂಥವು ಹುಟ್ಟಿಕೊಂಡಾಗ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ನೀಡಿತ್ತು. ನಮ್ಮ ರಾಜ್ಯದಲ್ಲಿ 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯವಾದಾಗಲೂ ನಕಲಿ ಲಿಂಕ್‌ಗಳು ಹರಿದಾಡಿದವು. ಇಲ್ಲಿ ಹಣ ಕಳೆದುಕೊಂಡರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಮ್ಮ ಹಣ ಯಾವ ಖಾತೆಗೆ ಹೋಯಿತು, ಅಲ್ಲಿಂದ ಎಲ್ಲಿಗೆ ದಾಟಿತು ಎಂದು ಬ್ಯಾಂಕುಗಳು ಬೆನ್ನಟ್ಟುತ್ತವೆ. ಅದು ಎಲ್ಲಿ ಸಿಕ್ಕರೆ ಅಲ್ಲೇ ತಡೆಹಿಡಿಯುತ್ತವೆ. ಎಟಿಎಂನಿಂದ ನೋಟಾಗಿ ಹೊರಬಿದ್ದ ಮೇಲೆ ತಡೆಯಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಇಲ್ಲಿ ಗಂಟೆಗಳೇ ಲೆಕ್ಕ. ದೂರಿನ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ವಿವರ ತುಂಬಿ. ತಡೆಹಿಡಿದ ಹಣ ಕೈಸೇರಲು ನ್ಯಾಯಾಲಯದ ಆದೇಶ ಬೇಕಾಗಬಹುದು, ತಿಂಗಳುಗಳೂ ಹಿಡಿಯಬಹುದು. ಸ್ವೀಕೃತಿ ಸಂಖ್ಯೆ ಇಟ್ಟುಕೊಂಡು ಠಾಣೆಯಲ್ಲಿ ವಿಚಾರಿಸುತ್ತಲೇ ಇರಿ.

[ಪರದೆ: ಬ್ಯಾಂಕಿಗೆ ಬರೆದ ದೂರಿನ ಪತ್ರ.]

ಇನ್ನೊಂದು ಬಗೆ ಹೆಚ್ಚು ತೊಡಕಿನದು. ನಾವು ಈಗ ನೋಡಿದ ‘ಸಲಹಾ ಸಂಸ್ಥೆ’ ಅಸಲಿ ಪ್ರಮಾಣಪತ್ರವನ್ನೇ ಕಳುಹಿಸಿಬಿಡಬಹುದು. ನಿಮ್ಮಿಂದ ಆಧಾರ್ ಒಟಿಪಿ ಪಡೆದು, ಸರ್ಕಾರಿ ತಾಣದಲ್ಲಿ ಪುಕ್ಕಟೆಯಾಗಿ ನೋಂದಾಯಿಸಿ, ‘ಸೇವೆ ಕೊಟ್ಟಿದ್ದೇವೆ’ ಎನ್ನುತ್ತಾರೆ. ಇವರ ವಿರುದ್ಧ ದೂರಿನ ಮಾತುಗಳೇ ಬೇರೆಯಾಗಿರಬೇಕು. ‘ನನ್ನ ಅನುಮತಿಯಿಲ್ಲದೆ ಹಣ ಕಡಿತವಾಗಿದೆ’ ಎಂದು ಬ್ಯಾಂಕಿಗೆ ಬರೆಯಬೇಡಿ. ಅದು ನಿಜವಲ್ಲ, ಪಾವತಿಗೆ ಒಪ್ಪಿಗೆ ಕೊಟ್ಟವರು ನೀವೇ. ಆ ಒಂದು ವಾಕ್ಯದಿಂದ ದೂರು ತಿರಸ್ಕೃತವಾಗಬಹುದು. ಹೀಗೆ ಬರೆಯಿರಿ: ‘ಸರ್ಕಾರಿ ಜಾಲತಾಣವೆಂದು ನಂಬುವಂತೆ ಪುಟವನ್ನು ರೂಪಿಸಿ, ಉಚಿತ ಸೇವೆಗೆ ಸರ್ಕಾರಿ ಶುಲ್ಕವೆಂಬಂತೆ ಹಣ ಪಡೆಯಲಾಗಿದೆ. ಖಾಸಗಿ ಸಂಸ್ಥೆ ಎಂಬುದನ್ನು ಪಾವತಿಗೆ ಮುನ್ನ ನನಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ.’

ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಿಂದ ಕಟ್ಟಿದ್ದರೆ ‘ಚಾರ್ಜ್‌ಬ್ಯಾಕ್’ ಬೇಕೆಂದು, ಅಂದರೆ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕವೇ ಮರಳಿಸಬೇಕೆಂದು, ಹೆಸರು ಹಿಡಿದೇ ಕೇಳಿ. ಇದಕ್ಕೆ ಸಾಮಾನ್ಯವಾಗಿ 120 ದಿನಗಳ ಆಸುಪಾಸಿನ ಗಡುವು ಇರುತ್ತದೆ. ಅಷ್ಟು ದಿನ ಕಾಯುವ ಅಗತ್ಯವೇನೂ ಇಲ್ಲ. ಯುಪಿಐ ಆದರೆ ಆ್ಯಪ್‌ನಲ್ಲಿ ಆ ವಹಿವಾಟನ್ನೇ ತೆರೆದು ದೂರು ದಾಖಲಿಸಿ, ಬ್ಯಾಂಕಿಗೂ ಬರೆಯಿರಿ. ಜೊತೆಗೆ ಆ ತಾಣಕ್ಕೂ ಒಂದು ಇಮೇಲ್ ಹೋಗಲಿ. ಅವರು ಉತ್ತರಿಸದಿದ್ದರೆ ಆ ಮೌನವೂ ನಿಮಗೆ ಸಾಕ್ಷ್ಯ.

ಪುಟದ ಸ್ಕ್ರೀನ್‌ಶಾಟ್‌ಗಳನ್ನು ಇವತ್ತೇ ತೆಗೆದಿಡಿ. ನಾಳೆ ಅವರು ಪುಟ ಬದಲಿಸಬಹುದು. ತಾಣದ ವಿಳಾಸ ಕಾಣುವ ಮೇಲಿನ ಪಟ್ಟಿ, ಲಾಂಛನ, ಪಾವತಿಯ ಪುಟ, ಬೂದು ಅಕ್ಷರದ ಸಾಲು, ಎಲ್ಲವೂ ಕಾಣಬೇಕು. ಲಾಂಛನ ಬಹಳ ಮುಖ್ಯ, ಏಕೆಂದರೆ 2005ರ ಕಾಯ್ದೆಯೊಂದು ರಾಷ್ಟ್ರಲಾಂಛನದ ದುರ್ಬಳಕೆಯನ್ನು ನಿಷೇಧಿಸುತ್ತದೆ.

ಬ್ಯಾಂಕು ಕೈಚೆಲ್ಲಿದರೆ ಅಥವಾ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿಯೇ ದೂರು ಕೊಡಬಹುದು. ಆದರೆ ಒಂಬುಡ್ಸ್‌ಮನ್ ನೋಡುವುದು ಬ್ಯಾಂಕಿನ ಲೋಪವನ್ನು ಮಾತ್ರ. ಜಾಲತಾಣದವರನ್ನೇ ಹಿಡಿಯಬೇಕೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ದಾರಿತಪ್ಪಿಸುವ ವಿನ್ಯಾಸಗಳ ಪಟ್ಟಿಯಿದೆ. ವೇಷ ಮರೆಸಿದ ಜಾಹೀರಾತು ಅದರಲ್ಲಿ ಒಂದು; ವೆಚ್ಚವನ್ನು ಮೊದಲೇ ಹೇಳದೆ ಕೊನೆಗೆ ಬಯಲು ಮಾಡುವುದು ಮತ್ತೊಂದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು.

[ಪರದೆ: ಅಧಿಕೃತ ಉದ್ಯಮ್ ತಾಣ, ವಿಳಾಸದ ಕೊನೆಯ ‘ಡಾಟ್ ಗವ್ ಡಾಟ್ ಇನ್’ ಸುತ್ತ ಕೆಂಪು ವೃತ್ತ.]

ಹಣದ ಗಲಾಟೆಯಲ್ಲಿ ಹಲವರು ಮರೆಯುವ ಕೆಲಸವೊಂದಿದೆ. ಅಧಿಕೃತ ತಾಣಕ್ಕೆ ಹೋಗಿ ನಿಮ್ಮ ಉದ್ಯಮ್ ದಾಖಲೆಯಲ್ಲಿ ಯಾರ ಮೊಬೈಲ್ ಸಂಖ್ಯೆ, ಯಾರ ಇಮೇಲ್ ಇದೆ ಎಂದು ನೋಡಿ. ಆ ‘ಸಲಹಾ ಸಂಸ್ಥೆ’ಯವರದಿದ್ದರೆ ಬದಲಿಸಿ. ಆಧಾರ್ ಬಯೋಮೆಟ್ರಿಕ್, ಅಂದರೆ ಬೆರಳಚ್ಚು, ಕಣ್ಣಿನ ಗುರುತುಗಳನ್ನು ಲಾಕ್ ಮಾಡಿ. ಕಾರ್ಡಿನ ವಿವರ ಆ ಖಾಸಗಿ ತಾಣದಲ್ಲಿ ಉಳಿದಿದೆ ಎಂಬ ಅನುಮಾನವಿದ್ದರೆ ಕಾರ್ಡನ್ನೇ ಬದಲಿಸಿಕೊಳ್ಳಿ.

ನಿಮ್ಮ ದೂರಿನ ಸುದ್ದಿ ಹಿಡಿದು ‘ಕಳೆದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ’ ಎಂದು ಯಾರಾದರೂ ಕರೆ ಮಾಡಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. 1930 ಆಗಲಿ, 1915 ಆಗಲಿ, ಒಂಬುಡ್ಸ್‌ಮನ್ ಆಗಲಿ ದೂರಿಗೆ ಹಣ ಕೇಳುವುದಿಲ್ಲ. ಆ ಕರೆ ಬಂದ ಸಂಖ್ಯೆಯನ್ನೂ ನಿಮ್ಮ ದೂರಿಗೆ ಸೇರಿಸಿ.