41ಕ್ಕೆ ಹುಟ್ಟು ಹಿಡಿದೆ

ಸ್ಕ್ರೀನ್ ಮೇಲೆ ಕೆಂಪು ಕಯಾಕ್ ಒಂದು ಬೋರಲು ಬಿದ್ದಿದೆ, ನೋಡಿ. ಕಯಾಕ್ ಅಂದರೆ ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರಿದಾದ ಪುಟ್ಟ ದೋಣಿ. ಪಕ್ಕದಲ್ಲಿ ತೇಲುತ್ತಿರುವ ತಲೆ ನನ್ನದು. ವಯಸ್ಸು 41. ಮನೆ ವಿಜಯನಗರ. ಈಜು ಬರುತ್ತದೆ ಅಂತ ಹೇಳಿಕೊಳ್ಳುವಷ್ಟೇನೂ ಬರುವುದಿಲ್ಲ.

ಬೆಂಗಳೂರಿನವರಿಗೂ ನೀರಿಗೂ ಎಲ್ಲಿಯ ನಂಟು, ಅಲ್ವಾ? ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಯನ್ನು ನಾವು ಮೂಗು ಮುಚ್ಚಿಕೊಂಡು ದಾಟುತ್ತೇವೆ. ಚಿಕ್ಕವಳಿದ್ದಾಗ ನನಗೆ ದೋಣಿ ಅಂದರೆ ಹಲಸೂರು ಕೆರೆಯ ದೋಣಿ. ಅಪ್ಪ ಹುಟ್ಟು ಹಾಕುತ್ತಿದ್ದರು. ಅಮ್ಮ ಮಕ್ಕಳಿಬ್ಬರನ್ನು ಅಲ್ಲಾಡದಂತೆ ಹಿಡಿದುಕೊಂಡು ಕೂತಿರುತ್ತಿದ್ದಳು. ದೋಣಿಯಲ್ಲಿ ಹೆಂಗಸರಿಗೆ ಅಷ್ಟೇ ಕೆಲಸ ಅಂದುಕೊಂಡು ಬೆಳೆದೆ.

ಮೊದಲ ಸಲ ಕಯಾಕ್ ಹತ್ತಿದ ಜಾಗದಲ್ಲೂ ಅದೇ ಕಥೆ. "ಮೇಡಂ, ನೀವು ಸರ್ ಜೊತೆ ಡಬಲ್‌ನಲ್ಲಿ ಕೂತ್ಕೊಳ್ಳಿ" ಅಂದರು. ಸರ್ ಅಂದರೆ ನಮ್ಮವರು. ಅವರಿಗೆ ನನಗಿಂತ ಜಾಸ್ತಿ ನೀರಿನ ಭಯ. ಅಲ್ಲಿ ಅದನ್ನು ಹೇಳುವ ಹಾಗಿರಲಿಲ್ಲ. ನನ್ನ ಕೈಗೆ ಹುಟ್ಟನ್ನೂ ಕೊಡಲಿಲ್ಲ. ಮುಂದೆ ಕೂತು ಫೋಟೋಗೆ ನಕ್ಕು ಬಂದೆ. ಮುಂದಿನ ತಿಂಗಳು ಮಾಗಡಿ ರಸ್ತೆ ಕಡೆಯ ಇನ್ನೊಂದು ಜಾಗಕ್ಕೆ ಒಬ್ಬಳೇ ಹೋದೆ. ಈ ವಿಡಿಯೋ ಅಲ್ಲಿಯದು.

ಅಲ್ಲಿನ ಹುಡುಗ ಮೊದಲು ಕಲಿಸಿದ್ದೇ ಬೀಳುವುದನ್ನು. ಇದು ಮೇಲೆ ಕೂರುವ ಕಯಾಕ್, ಹಾಗಾಗಿ ಒಳಗೆ ಕಾಲು ಸಿಕ್ಕಿಕೊಳ್ಳುವ ಭಯ ಇಲ್ಲ. ಮಗುಚಿದರೆ ಆಚೆ ಅಂಚನ್ನು ಹಿಡಿದು ನಮ್ಮ ಕಡೆ ಎಳೆದು ನೆಟ್ಟಗೆ ಮಾಡಬೇಕು. ಆಮೇಲೆ ಕಾಲು ಬಡಿಯುತ್ತಾ ಹೊಟ್ಟೆ ಮೇಲೆ ಅಡ್ಡಡ್ಡ ಬೀಳಬೇಕು. ಹೊರಳಬೇಕು. ಕೂರಬೇಕು. ನನಗೆ ಆರು ಸಲ ಬೇಕಾಯಿತು. ನೋಡಲು ಚೆಂದ ಇಲ್ಲ. ಅದಕ್ಕೇ ಕಟ್ ಮಾಡದೆ ಪೂರ್ತಿ ಹಾಕಿದ್ದೇನೆ.

ಲೈಫ್ ಜಾಕೆಟ್ ವಿಷಯ ಒಂಚೂರು ನಿಧಾನವಾಗಿ ಕೇಳಿ. ಕೊಟ್ಟ ಜಾಕೆಟ್ಟನ್ನು ಸುಮ್ನೆ ಹಾಕಿಕೊಳ್ಳಬೇಡಿ. ಪಟ್ಟಿಗಳನ್ನೆಲ್ಲ ಬಿಗಿ ಮಾಡಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಯಾರಿಗಾದರೂ ಹೇಳಿ. ಕಿವಿವರೆಗೆ ಬಂತೋ, ಅದು ನಿಮ್ಮ ಅಳತೆಯದಲ್ಲ. ಬೇರೆ ಕೇಳಿ. ಎದೆಯ ಹತ್ತಿರ ಹಿಡಿಯುತ್ತದೆ, ಸೊಂಟದಲ್ಲಿ ಸಡಿಲ ಅಂತ ಬಾಯಿ ಬಿಟ್ಟು ಹೇಳಿ. ಬ್ಲೌಸ್ ಹೊಲಿಯುವವರ ಹತ್ತಿರ ಇಷ್ಟು ಜಗಳ ಆಡುತ್ತೇವೆ, ಜೀವ ಉಳಿಸುವ ಬಟ್ಟೆಗೆ ಯಾಕೆ ಸಂಕೋಚ? ಈಜು ಬರುವವರೂ ಹಾಕಿಕೊಳ್ಳಲೇಬೇಕು.

ಮೊದಲ ದಿನ ಬರೀ ತೋಳಿನಲ್ಲಿ ಎಳೆದೆ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ. ರಾತ್ರಿ ಚಪಾತಿ ಲಟ್ಟಿಸಲು ಆಗಲಿಲ್ಲ. "ಅಕ್ಕಾ, ಕೈಯಲ್ಲಿ ಅಲ್ಲ, ನಡು ತಿರುಗಿಸಿ" ಅಂತ ಆ ಹುಡುಗ ಹೇಳುತ್ತಲೇ ಇದ್ದ. ನನಗೆ ತಲೆಗೆ ಹೋಗಲಿಲ್ಲ. ಕೊನೆಗೆ ಅರ್ಥ ಮಾಡಿಸಿದ್ದು ನಮ್ಮತ್ತೆ. ಸೋಫಾ ಮೇಲೆ ಕೂತು ಈ ವಿಡಿಯೋ ನೋಡುತ್ತಾ, "ಇದೇನೇ, ನಿಂತ ಕಡಗೋಲಲ್ಲಿ ಮಜ್ಜಿಗೆ ಕಡೆದ ಹಾಗಿದೆಯಲ್ಲ" ಅಂದರು. ಹೌದಲ್ವಾ! ಕಡಗೋಲಿಗೆ ಸುತ್ತಿದ ಹಗ್ಗದ ಒಂದು ತುದಿ ಎಳೆದಾಗ ಇನ್ನೊಂದು ಕೈ ಮುಂದೆ ಹೋಗುತ್ತದೆ. ಭುಜ, ನಡು ಎರಡೂ ತಿರುಗುತ್ತವೆ. ಬರೀ ಮೊಣಕೈಯಲ್ಲಿ ಕಡೆದರೆ ಬೆಣ್ಣೆ ಬರುವ ಮೊದಲೇ ಕೈ ಬಿದ್ದುಹೋಗುತ್ತದೆ. ಅವರು ಎಷ್ಟು ವರ್ಷ ಕಡೆದಿದ್ದಾರೋ! ನಾನು ಮಿಕ್ಸಿ ಕಾಲದವಳು. ಮುಂದಿನ ಸಲ ಅತ್ತೆಯ ಕಡಗೋಲು ನೆನೆಸಿಕೊಂಡು ಹುಟ್ಟು ಹಾಕಿದೆ. ಕಯಾಕ್ ನೆಟ್ಟಗೆ ಹೋಯಿತು. ಬೊಬ್ಬೆಯೂ ಇಲ್ಲ.

ಒಲಿಂಪಿಕ್ಸ್‌ನಲ್ಲಿ ಹೆಂಗಸರ ಕಯಾಕ್ ರೇಸ್ 1948ರಲ್ಲೇ ಬಂತು. ಆದರೆ ಒಂದೇ ಕಡೆ ಅಲಗಿರುವ ಹುಟ್ಟಿನ ಕನೂ ಓಟ ಅವರಿಗೆ ಸಿಕ್ಕಿದ್ದು ಟೋಕಿಯೊದಲ್ಲಿ, 2021ರಲ್ಲಿ! ಅದೇ ವರ್ಷ ಅಲ್ಲೇ ಗ್ವಾಲಿಯರ್‌ನ ಪ್ರಾಚಿ ಯಾದವ್ ಪ್ಯಾರಾಲಿಂಪಿಕ್ಸ್‌ನ ದೋಣಿ ಓಟದಲ್ಲಿ ಫೈನಲ್‌ವರೆಗೆ ಹೋದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಕಯಾಕ್‌ನಲ್ಲಿ ಚಿನ್ನ ಗೆದ್ದರು. ಅವರ ಹಾಗೆ ಕಾಲಲ್ಲಿ ಬಲ ಇಲ್ಲದೆ ಕಯಾಕ್ ನೆಟ್ಟಗೆ ಇಡುವುದು ಎಷ್ಟು ಕಷ್ಟ ಅಂತ ಒಂದು ಸಲ ಕೂತು ನೋಡಿದರೆ ಗೊತ್ತಾಗುತ್ತದೆ.

ನನ್ನ ಸ್ನೇಹಿತೆಯರನ್ನು ಕರೆದಾಗ ಯಾರೂ ಶಕ್ತಿ ಇಲ್ಲ ಅನ್ನಲಿಲ್ಲ. ಎಲ್ಲರೂ ಕೇಳಿದ್ದು ಒಂದೇ. "ಒದ್ದೆ ಬಟ್ಟೆ ಎಲ್ಲಿ ಬದಲಾಯಿಸೋದು?" ಸರಿಯಾದ ಪ್ರಶ್ನೆ. ಎಷ್ಟೋ ಕಡೆ ಕೋಣೆ ಇಲ್ಲ, ಇದ್ದರೆ ಚಿಲಕ ಇಲ್ಲ. ನನ್ನ ಉಪಾಯ ನೈಟಿ. ನಗಬೇಡಿ. ಒದ್ದೆ ಬಟ್ಟೆ ಮೇಲೆ ನೈಟಿ ಇಳಿಬಿಟ್ಟರೆ ಒಳಗಡೆ ಇಡೀ ಒಂದು ರೂಮು. ನೀರಿಗಿಳಿಯಲು ಕಡು ಬಣ್ಣದ, ಬೇಗ ಒಣಗುವ ಟೀ ಶರ್ಟು ಸಾಕು. ದುಪಟ್ಟಾ ಬೇಡ, ಜೀನ್ಸ್ ಖಂಡಿತ ಬೇಡ. ನೆನೆದ ಜೀನ್ಸಲ್ಲಿ ವಾಪಸ್ ಹತ್ತಲು ಹೋಗಿ ನಾನು ಪಟ್ಟ ಪಾಡು ಆರಂಭದಲ್ಲೇ ನೋಡಿದಿರಿ.

ಎರಡನೇ ಪ್ರಶ್ನೆ, "ಅಷ್ಟು ಬೆಳಗ್ಗೇನಾ?" ಹೌದು. ಹೊತ್ತೇರಿದಂತೆ ಗಾಳಿ ಏಳುತ್ತದೆ, ಹೊಸಬರಿಗೆ ಕಷ್ಟ. ಹಾಗಾಗಿ ಈ ಭಾನುವಾರ ಐದೂಮುಕ್ಕಾಲಿಗೆ ನಾವು ನಾಲ್ವರು ಹೊರಟಿದ್ದೇವೆ. ಎದುರು ಮನೆಯ ಸುನಂದಕ್ಕನಿಗೆ 56. ಅವರು ಆಗಲೇ ಎರಡು ನೈಟಿ ತುಂಬಿಕೊಂಡಿದ್ದಾರೆ. ಮನೆಯಲ್ಲಿ ತಿಂಡಿ ಏನು ಅಂತ ನಮ್ಮವರು ಕೇಳಿದರು. ದೋಸೆ ಹಿಟ್ಟು ಫ್ರಿಜ್ಜಲ್ಲಿದೆ. ಕಾವಲಿ ಎಲ್ಲಿದೆ ಅಂತ ಅವರಿಗೂ ಗೊತ್ತು.