ಬ್ರೇಕಿಗೆ ಹೇಳಿದವರು ಯಾರು?

ಎಲ್ಲರಿಗೂ ನಮಸ್ಕಾರ.

ಕಾರು, ವಿಮಾನಗಳನ್ನು ಹ್ಯಾಕ್ ಮಾಡುವ ವಿಷಯ ಎತ್ತಿದ ಕೂಡಲೇ ಬರುವ ಮೊದಲ ಪ್ರಶ್ನೆ ಒಂದೇ. ಎಲ್ಲೋ ಕೂತಿರುವ ಹ್ಯಾಕರ್ ಒಬ್ಬ ನಾವು ಹೋಗುತ್ತಿರುವ ವಿಮಾನವನ್ನು ಕೆಳಗೆ ಬೀಳಿಸಬಹುದಾ? ಉತ್ತರ ಹೇಳುತ್ತೇನೆ. ಅದಕ್ಕೆ ಮುಂಚೆ ಕಾರಿನ ವಿಚಾರ ಮಾತಾಡೋಣ, ಯಾಕೆಂದರೆ ಕಾರಿನಲ್ಲಿ ಇದು ಈಗಾಗಲೇ ಆಗಿದೆ, ಮಾಡಿದವರು ಹೇಗೆ ಮಾಡಿದೆವು ಅಂತ ಪೂರ್ತಿ ಬರೆದೂ ಇಟ್ಟಿದ್ದಾರೆ.

2015ರ ಜುಲೈನಲ್ಲಿ ಅಮೆರಿಕದ ವೈರ್ಡ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ವರದಿಗಾರ ಆಂಡಿ ಗ್ರೀನ್‌ಬರ್ಗ್ ಸೇಂಟ್ ಲೂಯಿಸ್ ಊರಿನ ಹೆದ್ದಾರಿಯಲ್ಲಿ ಜೀಪ್ ಚೆರೋಕಿ ಓಡಿಸುತ್ತಿದ್ದರು. ವೇಗ ಗಂಟೆಗೆ ಸುಮಾರು 110 ಕಿಲೋಮೀಟರ್. ಇದ್ದಕ್ಕಿದ್ದಂತೆ ಎಸಿ ಜೋರಾಗಿ ತಣ್ಣನೆ ಗಾಳಿ ಊದತೊಡಗಿತು. ಆಮೇಲೆ ರೇಡಿಯೊ ಕಿವಿ ಹರಿಯುವ ಹಾಗೆ ಕೂಗಿತು, ಗುಂಡಿ ಒತ್ತಿದರೂ ನಿಲ್ಲಲಿಲ್ಲ. ವೈಪರ್ ಶುರುವಾಯಿತು, ಗಾಜಿನ ಮೇಲೆ ನೀರು ಚಿಮ್ಮಿ ಮುಂದೆ ಏನೂ ಕಾಣದಂತಾಯಿತು. ಕೊನೆಗೆ ಗಾಡಿ ಆಕ್ಸಿಲರೇಟರ್‌ನ ಮಾತು ಕೇಳುವುದನ್ನೇ ಬಿಟ್ಟಿತು. ಕಾಲು ಎಷ್ಟು ಒತ್ತಿದರೂ ವೇಗ ಇಳಿಯುತ್ತಲೇ ಇದೆ, ಇರುವುದು ಮೇಲ್ಸೇತುವೆ ಮೇಲೆ, ಪಕ್ಕಕ್ಕೆ ನಿಲ್ಲಿಸಲು ಜಾಗವಿಲ್ಲ, ಹಿಂದಿನಿಂದ ದೊಡ್ಡ ಲಾರಿ ಬರುತ್ತಿದೆ.

ಇದನ್ನೆಲ್ಲ ಮಾಡುತ್ತಿದ್ದವರು ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಾಸೆಕ್ ಅನ್ನೋ ಇಬ್ಬರು ಭದ್ರತಾ ಸಂಶೋಧಕರು. ಸುಮಾರು 16 ಕಿಲೋಮೀಟರ್ ದೂರದಲ್ಲಿ ಮಿಲ್ಲರ್ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಹ್ಯಾಕ್ ಮಾಡುತ್ತಾರೆ ಅಂತ ಗ್ರೀನ್‌ಬರ್ಗ್‌ಗೆ ಗೊತ್ತಿತ್ತು, ಏನೇನು ಮಾಡುತ್ತಾರೆ ಅಂತ ಗೊತ್ತಿರಲಿಲ್ಲ. ಆಮೇಲೆ ಖಾಲಿ ಮೈದಾನದಲ್ಲಿ ಬ್ರೇಕನ್ನೂ ನಿಲ್ಲಿಸಿ ತೋರಿಸಿದರು, ಗಾಡಿ ಜಾರಿಕೊಂಡು ಹಳ್ಳಕ್ಕೆ ಇಳಿಯಿತು. ಜನ ಓಡಾಡುವ ಹೆದ್ದಾರಿಯಲ್ಲಿ ಈ ಪ್ರಯೋಗ ಮಾಡಬಾರದಿತ್ತು ಅನ್ನೋದು ನನ್ನ ಅಭಿಪ್ರಾಯ. ಆದರೆ ಅದು ಬೇರೆ ಚರ್ಚೆ.

ಒಳಗೆ ಹೋದದ್ದು ಹೇಗೆ? ಆ ಜೀಪಿನಲ್ಲಿ ಯುಕನೆಕ್ಟ್ ಅನ್ನೋ ಟಚ್‌ಸ್ಕ್ರೀನ್ ಇತ್ತು. ಹಾಡು, ನಕ್ಷೆ, ಫೋನು ಎಲ್ಲ ಅದರಲ್ಲೇ. ಅದಕ್ಕೆ ಮೊಬೈಲ್ ಸಂಪರ್ಕವೂ ಇತ್ತು. ಆ ಮೊಬೈಲ್ ಜಾಲದಲ್ಲಿ ಇದ್ದವರು ಯಾರು ಬೇಕಾದರೂ ಬಂದು ಮಾತಾಡಿಸಬಹುದಾದ ಒಂದು ಪೋರ್ಟ್, ಅಂದರೆ ಜಾಲದಿಂದ ಒಳಗೆ ಬರುವ ಬಾಗಿಲು, ತೆರೆದೇ ಇತ್ತು, ಪಾಸ್‌ವರ್ಡ್ ಕೇಳುತ್ತಿರಲಿಲ್ಲ. ಅಲ್ಲಿಂದ ಅದೇ ಪೆಟ್ಟಿಗೆಯ ಇನ್ನೊಂದು ಚಿಪ್‌ಗೆ ದಾರಿ. ಆ ಚಿಪ್‌ಗೆ ಕಾರಿನ ಒಳಗಿನ ತಂತಿಯ ಜೊತೆ ನಂಟು. ಇವರು ಆ ಚಿಪ್‌ನ ಸಾಫ್ಟ್‌ವೇರನ್ನೇ ಬದಲಿಸಿದರು. ಹೊಸ ಸಾಫ್ಟ್‌ವೇರ್ ಎಲ್ಲಿಂದ ಬಂತು, ಕಂಪನಿಯ ಡಿಜಿಟಲ್ ಸಹಿ, ಅಂದರೆ ಕಳಿಸಿದ್ದು ಅವರೇ ಅನ್ನೋದಕ್ಕೆ ನಕಲು ಮಾಡಲಾಗದ ಗುರುತು, ಇದೆಯಾ ಅಂತ ಚಿಪ್ ಕೇಳಲಿಲ್ಲ. ಹಾಕಿಕೊಂಡಿತು, ಅಷ್ಟೇ.

ಈ ಒಳಗಿನ ತಂತಿಯ ಹೆಸರು ಕ್ಯಾನ್ ಬಸ್. ಬಾಷ್ ಕಂಪನಿ 1980ರ ದಶಕದಲ್ಲಿ ಮಾಡಿದ್ದು, 1986ರಲ್ಲಿ ಜಗತ್ತಿಗೆ ತೋರಿಸಿತು. ಒಂದು ಕಾರಿನಲ್ಲಿ ಹತ್ತಾರು ಸಣ್ಣ ಕಂಪ್ಯೂಟರ್‌ಗಳಿರುತ್ತವೆ. ಎಂಜಿನ್‌ಗೆ ಒಂದು, ಬ್ರೇಕಿಗೆ ಒಂದು, ಏರ್‌ಬ್ಯಾಗ್‌ಗೆ ಒಂದು. ಒಂದೊಂದಕ್ಕೂ ಬೇರೆ ತಂತಿ ಎಳೆದರೆ ಗಾಡಿ ತುಂಬಾ ತಂತಿಯೇ ಆಗುತ್ತದೆ. ಅದಕ್ಕೇ ಎಲ್ಲಕ್ಕೂ ಸೇರಿ ಒಂದು ಜೋಡಿ ತಂತಿ. ಒಬ್ಬರು ಮಾತಾಡಿದರೆ ಎಲ್ಲರಿಗೂ ಕೇಳಿಸುತ್ತದೆ. ಒಂದು ಸಂದೇಶ ಅಂದರೆ ಒಂದು ಸಂಖ್ಯೆ, ಅದರ ಹಿಂದೆ ಹೆಚ್ಚೆಂದರೆ 8 ಬೈಟ್ ಮಾಹಿತಿ. ಸಂಖ್ಯೆ ಚಿಕ್ಕದಿದ್ದಷ್ಟೂ ಆದ್ಯತೆ ಜಾಸ್ತಿ. ಕಳಿಸಿದ್ದು ಯಾರು ಅಂತ ತಿಳಿಸುವ ಜಾಗವೇ ಅದರಲ್ಲಿಲ್ಲ. ಕತ್ತಲಲ್ಲಿ ಡಂಗುರ ಹೊಡೆದ ಹಾಗೆ, ಸದ್ದು ಇಡೀ ಊರಿಗೆ ಕೇಳುತ್ತದೆ, ಹೊಡೆದವನ ಮುಖ ಯಾರಿಗೂ ಕಾಣುವುದಿಲ್ಲ.

ಬಾಷ್ ಎಂಜಿನಿಯರ್‌ಗಳು ದಡ್ಡರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಆಗ ಆ ತಂತಿ ಕಾರಿನ ಮೈಯೊಳಗೆ ಮುಚ್ಚಿಕೊಂಡಿತ್ತು. ಹೊರಗಿನವರು ಬರುವ ಬಾಗಿಲೇ ಇರಲಿಲ್ಲ, ಹಾಗಾಗಿ ಯಾರು ಅಂತ ಕೇಳುವ ಅಗತ್ಯವೂ ಇರಲಿಲ್ಲ. ತಪ್ಪು ಆದದ್ದು ಆಮೇಲೆ, ಅದೇ ತಂತಿಗೆ ಬ್ಲೂಟೂತು, ಸಿಮ್ ಕಾರ್ಡು, ಮೊಬೈಲ್ ಆ್ಯಪ್ ಎಲ್ಲ ತಂದು ಜೋಡಿಸಿದಾಗ.

ಕಂಪನಿಗಳಿಗೆ ಮೊದಲೇ ಗೊತ್ತಿರಲಿಲ್ಲವಾ? ಗೊತ್ತಿತ್ತು. 2010 ಮತ್ತು 2011ರಲ್ಲೇ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಾಡಿ ತೋರಿಸಿದ್ದರು. ಅವರ ಒಂದು ದಾರಿ ನೋಡಿ. ಒಂದು ಸಿಡಿಯಲ್ಲಿ ಹಾಡಿನ ಫೈಲ್ ಹಾಕಿದರು. ಮನೆಯ ಕಂಪ್ಯೂಟರಿನಲ್ಲಿ ಅದು ಸುಮ್ನೆ ಹಾಡು. ಕಾರಿನ ಪ್ಲೇಯರ್‌ಗೆ ಹಾಕಿದರೆ ಹಾಡುತ್ತಾ ಹಾಡುತ್ತಾ ಕ್ಯಾನ್ ಬಸ್ಸಿಗೆ ಅವರು ಬರೆದ ಸಂದೇಶಗಳನ್ನೂ ಕಳಿಸುತ್ತದೆ! ಆದರೆ ಅವರು ಕಾರಿನ ಹೆಸರು ಹೇಳಲಿಲ್ಲ, ಹಾಗಾಗಿ ದೊಡ್ಡ ಸುದ್ದಿಯಾಗಲಿಲ್ಲ. 2013ರಲ್ಲಿ ಮಿಲ್ಲರ್, ವಾಲಾಸೆಕ್ ಇಬ್ಬರೇ ಫೋರ್ಡ್ ಎಸ್ಕೇಪ್ ಮತ್ತು ಟೊಯೋಟಾ ಪ್ರಿಯಸ್ ಕಾರುಗಳ ಒಳಗೆ ಕೂತು ತಂತಿ ಹಾಕಿ ಬ್ರೇಕು, ಸ್ಟೀರಿಂಗ್ ಆಡಿಸಿದಾಗ, ಒಳಗೆ ಕೂತು ಮಾಡಿದ್ದನ್ನು ಹ್ಯಾಕಿಂಗ್ ಅನ್ನಲಾಗದು ಅಂತ ಉತ್ತರ ಬಂತು. ಎರಡು ವರ್ಷ ಕಳೆದ ಮೇಲೆ ಜೀಪು. ಆಗ ಮಾತ್ರ 14 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಿದರು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆದರು, ಮೊಬೈಲ್ ಕಂಪನಿ ಆ ಪೋರ್ಟನ್ನು ತನ್ನ ಜಾಲದಲ್ಲೇ ಮುಚ್ಚಿತು, ಮಾಲೀಕರಿಗೆ ಅಂಚೆಯಲ್ಲಿ ಪೆನ್‌ಡ್ರೈವ್ ಹೋಯಿತು. ಅಂಚೆಯಲ್ಲಿ ಬಂದ ಪೆನ್‌ಡ್ರೈವನ್ನು ಕಾರಿಗೆ ಚುಚ್ಚಿ ಅಂತ ಜನರಿಗೆ ಕಲಿಸುವುದು ಕೂಡ ಒಳ್ಳೆಯ ಪಾಠವಲ್ಲ, ನಾಳೆ ಅದನ್ನು ಕಳ್ಳನೂ ಕಳಿಸಬಹುದು.

ಕಳ್ಳ ಅಂದಾಗ ಇನ್ನೊಂದು ನೆನಪಾಯಿತು. 2022ರಲ್ಲಿ ಲಂಡನ್ನಿನಲ್ಲಿ ಒಂದು ಟೊಯೋಟಾ ಆರ್‌ಎವಿ4 ಕಳುವಾಯಿತು. ಮಾಲೀಕರೇ ವಾಹನ ಭದ್ರತೆಯ ಸಂಶೋಧಕರು, ಹಾಗಾಗಿ ಕಳ್ಳತನದ ವಿಧಾನ ಹೊರಗೆ ಬಂತು. ಕಳ್ಳರು ಬಂಪರ್ ಎಳೆದು, ಹೆಡ್‌ಲೈಟಿನ ಹಿಂದಿನ ತಂತಿಗೆ ಒಂದು ಸಣ್ಣ ಉಪಕರಣ ಸಿಕ್ಕಿಸಿ, 'ಸರಿಯಾದ ಕೀ ಇದೆ' ಅನ್ನೋ ಸಂದೇಶ ಕಳಿಸಿದ್ದರು. ಹೆಡ್‌ಲೈಟೂ ಅದೇ ಕ್ಯಾನ್ ಜಾಲದಲ್ಲಿದೆ ಅಲ್ವಾ. ಇಂಟರ್‌ನೆಟ್ಟೇ ಬೇಕಾಗಲಿಲ್ಲ. ಅಂಥ ಉಪಕರಣಗಳನ್ನು ಬ್ಲೂಟೂತ್ ಸ್ಪೀಕರಿನ ಒಳಗೆ ಅಡಗಿಸಿ ಮಾರುತ್ತಿದ್ದರು.

ನಮಗೆ ಇದಕ್ಕಿಂತ ಹತ್ತಿರದ ಚಿಂತೆ ಜಿಪಿಎಸ್ ಟ್ರ್ಯಾಕರ್. ಲಾರಿ, ಟ್ಯಾಕ್ಸಿ, ಶಾಲಾ ವಾಹನ ಎಲ್ಲದರಲ್ಲೂ ಈಗ ಟ್ರ್ಯಾಕರ್ ಇದೆ. ಕೆಲವು ಅಗ್ಗದ ಟ್ರ್ಯಾಕರ್‌ಗಳು ಎಂಜಿನ್ನಿಗೆ ಇಂಧನ ನಿಲ್ಲಿಸುವ ಕೆಲಸವನ್ನೂ ಮಾಡುತ್ತವೆ, ಗಾಡಿ ಕಳುವಾದರೆ ಮೊಬೈಲ್‌ನಿಂದಲೇ ನಿಲ್ಲಿಸಬಹುದು ಅಂತ. 2022ರ ಜುಲೈನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ, ಮೈಕೋಡಸ್ ಎಂವಿ720 ಅನ್ನೋ ಚೀನಾದ ಟ್ರ್ಯಾಕರ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬೆಲೆ ಸುಮಾರು 20 ಡಾಲರ್. ಆ ಕಂಪನಿಯ ಟ್ರ್ಯಾಕರ್‌ಗಳು 169 ದೇಶಗಳಲ್ಲಿ 15 ಲಕ್ಷ ಗಾಡಿಗಳಲ್ಲಿವೆ ಅಂತ ಅಂದಾಜು. ಡೀಫಾಲ್ಟ್ ಪಾಸ್‌ವರ್ಡ್ 123456. ಅದನ್ನು ಬದಲಿಸಿದರೂ ಉಪಯೋಗವಿಲ್ಲ, ಒಳಗೇ ಒಂದು ಮಾಸ್ಟರ್ ಪಾಸ್‌ವರ್ಡ್ ಬರೆದಿಟ್ಟಿದ್ದರು. ಅದು ಗೊತ್ತಾದವರು ಓಡುತ್ತಿರುವ ಗಾಡಿಯ ಇಂಧನ ನಿಲ್ಲಿಸಬಹುದಿತ್ತು. ಇದನ್ನು ಓದಿದ ಮೇಲೆ ಪರಿಚಯದ ಲಾರಿ ಮಾಲೀಕರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೇನೆ: ಎಲ್ಲಿದೆ ಅಂತ ತೋರಿಸುವ ಟ್ರ್ಯಾಕರ್ ಹಾಕಿಸಿ, ಎಂಜಿನ್ ನಿಲ್ಲಿಸುವ ತಂತಿ ಮಾತ್ರ ಜೋಡಿಸಬೇಡಿ.

ಇದಕ್ಕೆ ಹ್ಯಾಕರ್ರೇ ಬೇಕು ಅಂತಲೂ ಇಲ್ಲ. 2010ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನೂರಕ್ಕೂ ಹೆಚ್ಚು ಕಾರುಗಳು ಸ್ಟಾರ್ಟ್ ಆಗದೆ ನಿಂತವು, ಕೆಲವು ರಾತ್ರಿಯೆಲ್ಲ ಹಾರ್ನ್ ಹೊಡೆದವು. ಸಾಲದ ಕಂತು ಕಟ್ಟದವರ ಕಾರು ನಿಲ್ಲಿಸಲು ಅಲ್ಲಿನ ಒಬ್ಬ ಡೀಲರ್ ಎಲ್ಲ ಗಾಡಿಗೂ ಒಂದು ಪೆಟ್ಟಿಗೆ ಹಾಕಿಸಿದ್ದ. ಕೆಲಸದಿಂದ ತೆಗೆದ ಹುಡುಗನೊಬ್ಬ ಸಹೋದ್ಯೋಗಿಯ ಪಾಸ್‌ವರ್ಡ್ ಬಳಸಿ ಎಲ್ಲವನ್ನೂ ಆಡಿಸಿಬಿಟ್ಟ. ಕಂತು ಸರಿಯಾಗಿ ಕಟ್ಟಿದವರೂ ಆಫೀಸಿಗೆ ಹೋಗಲಾಗದೆ ಮನೆಯಲ್ಲೇ ಉಳಿದರು.

ಈಗ ವಿಮಾನ.

ವಿಮಾನದ ವಿಷಯದಲ್ಲಿ ಬೊಗಳೆ ಜಾಸ್ತಿ, ಹಾಗಾಗಿ ಮೊದಲು ಅದನ್ನು ಬದಿಗೆ ಇಡೋಣ. 2013ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಹ್ಯೂಗೊ ಟೆಸೊ ಅನ್ನೋ ತಜ್ಞ ಆಂಡ್ರಾಯ್ಡ್ ಫೋನಿನಿಂದ ವಿಮಾನ ತಿರುಗಿಸಿ ತೋರಿಸಿದರು, ಆದರೆ ಅದು ಸಿಮ್ಯುಲೇಟರ್. ನಿಜವಾದ ವಿಮಾನದ ಪ್ರಮಾಣಿತ ಉಪಕರಣದ ಮೇಲೆ ಇದು ನಡೆಯುವುದಿಲ್ಲ ಅಂತ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎ ಹೇಳಿತು. 2015ರಲ್ಲಿ ಇನ್ನೊಬ್ಬರು ಸೀಟಿನ ಕೆಳಗಿನ ಮನರಂಜನೆ ಪೆಟ್ಟಿಗೆಗೆ ತಂತಿ ಹಾಕಿ ಎಂಜಿನ್ನಿಗೆ ಆಜ್ಞೆ ಕೊಟ್ಟರು ಅನ್ನೋ ಸುದ್ದಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕಾಗದದಲ್ಲಿ ಬಂತು. ಅದು ಸಾಬೀತಾಗಲಿಲ್ಲ, ವಿಮಾನದ ಒಳಗನ್ನು ಬಲ್ಲವರು ನಂಬಲೂ ಇಲ್ಲ. ಹಾಗಂತ ಎಫ್‌ಎಎ ಸುಮ್ಮನೆ ಕೂತಿತ್ತು ಅಂತಲ್ಲ. 2008ರಲ್ಲೇ ಬೋಯಿಂಗ್ 787 ವಿಮಾನಕ್ಕೆ ವಿಶೇಷ ಷರತ್ತು ಹಾಕಿತ್ತು, ಯಾಕೆಂದರೆ ಪ್ರಯಾಣಿಕರ ಜಾಲ ಮತ್ತು ವಿಮಾನ ನಡೆಸುವ ಜಾಲ ಹಿಂದೆಂದಿಗಿಂತ ಹತ್ತಿರ ಬಂದಿದ್ದವು.

ಹಾಗಾದರೆ ಮೊದಲ ಪ್ರಶ್ನೆಗೆ ನನ್ನ ಉತ್ತರ: ಮನೆಯಲ್ಲಿ ಕೂತು ವಿಮಾನವನ್ನು ಪೂರ್ತಿ ಕೈಗೆ ತೆಗೆದುಕೊಂಡ ಉದಾಹರಣೆ ಇಲ್ಲಿಯವರೆಗೆ ಒಂದೂ ಇಲ್ಲ. ಆದರೆ ವಿಮಾನಕ್ಕೆ ಸುಳ್ಳು ಹೇಳುವುದು ದಿನಾ ನಡೆಯುತ್ತಿದೆ.

ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಸಂಕೇತ ತೀರಾ ಕ್ಷೀಣ. ನೆಲದ ಮೇಲೆ ಇನ್ನೂ ಜೋರಾದ ಸುಳ್ಳು ಸಂಕೇತ ಬಿಟ್ಟರೆ ರಿಸೀವರ್ ಅದನ್ನೇ ನಂಬುತ್ತದೆ. ಸಾಮಾನ್ಯ ಜನ ಬಳಸುವ ಜಿಪಿಎಸ್ ಸಂಕೇತದಲ್ಲೂ ಕಳಿಸಿದ್ದು ನಿಜಕ್ಕೂ ಉಪಗ್ರಹವೇ ಅನ್ನೋದಕ್ಕೆ ಸಾಕ್ಷಿಯಿಲ್ಲ, ಕ್ಯಾನ್ ಬಸ್‌ನದೇ ಕಥೆ. 2013ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ತಂಡ ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ದೊಡ್ಡ ವಿಹಾರ ನೌಕೆಯನ್ನು, ಅದರ ಮಾಲೀಕರ ಒಪ್ಪಿಗೆ ಪಡೆದು, ಹೀಗೇ ದಾರಿ ತಪ್ಪಿಸಿತ್ತು. ಸಿಬ್ಬಂದಿಯ ಪರದೆಯ ಮೇಲೆ ಹಡಗು ನೇರ ಹೋಗುತ್ತಿತ್ತು, ನಿಜದಲ್ಲಿ ಪಕ್ಕಕ್ಕೆ ತಿರುಗಿತ್ತು.

2023ರ ಸೆಪ್ಟೆಂಬರ್‌ನಿಂದ ಇರಾಕ್, ಇರಾನ್ ಸುತ್ತಮುತ್ತ ಹಾರುವ ನಾಗರಿಕ ವಿಮಾನಗಳಿಗೆ ಇದೇ ಆಗತೊಡಗಿತು. ಕಾಕ್‌ಪಿಟ್‌ನ ನಕ್ಷೆ ಇದ್ದಕ್ಕಿದ್ದಂತೆ ಬೇರೆ ಊರಿಗೆ ಹಾರುತ್ತದೆ. ಗಡಿಯಾರ ತಪ್ಪುತ್ತದೆ. ಜಿಪಿಎಸ್ ಇಲ್ಲದೆಯೂ, ವಿಮಾನದ ಚಲನೆಯನ್ನೇ ಅಳೆದು ಅದು ಎಲ್ಲಿದೆ ಅಂತ ಲೆಕ್ಕ ಹಾಕಬಲ್ಲ ಜಡತ್ವ ವ್ಯವಸ್ಥೆ ಇದೆಯಲ್ಲ ಅನ್ನಬಹುದು, ಆದರೆ ಹಲವು ವಿಮಾನಗಳಲ್ಲಿ ಅದು ಕೂಡ ಜಿಪಿಎಸ್ ನೋಡಿಕೊಂಡೇ ತನ್ನನ್ನು ತಿದ್ದಿಕೊಳ್ಳುತ್ತದೆ, ಹಾಗಾಗಿ ಸುಳ್ಳು ಅಲ್ಲಿಗೂ ಹರಿಯುತ್ತದೆ. ನೆಲ ಹತ್ತಿರ ಬಂದರೆ ಎಚ್ಚರಿಸುವ ಉಪಕರಣ ಹತ್ತಾರು ಸಾವಿರ ಅಡಿ ಎತ್ತರದಲ್ಲಿ 'ಪುಲ್ ಅಪ್', ಅಂದರೆ ವಿಮಾನವನ್ನು ಮೇಲಕ್ಕೆ ಎತ್ತು, ಅಂತ ಕೂಗುತ್ತದೆ.

ನನಗೆ ಎಲ್ಲಕ್ಕಿಂತ ಭಯ ಈ ಕೂಗಿನದೇ. ಯಾಕೆ ಅಂತ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಅದರಲ್ಲಿ ಹ್ಯಾಕಿಂಗ್ ಏನೂ ಇಲ್ಲ. ಆದರೆ ಇಳಿಯುವ ಮುಂಚೆ ಇದೇ ಉಪಕರಣ ಮತ್ತೆ ಮತ್ತೆ ಕೂಗಿತ್ತು, ಕ್ಯಾಪ್ಟನ್ ಗಮನ ಕೊಡಲಿಲ್ಲ ಅಂತ ತನಿಖಾ ವರದಿಯಲ್ಲಿದೆ. ಅವತ್ತಿನ ಎಚ್ಚರಿಕೆ ನಿಜವಾಗಿತ್ತು. ಈಗ ಆಗುತ್ತಿರುವುದು ಏನೆಂದರೆ, ಈ ಕೂಗು ಎಷ್ಟೋ ಸಲ ಸುಳ್ಳು ಅಂತ ಪೈಲಟ್‌ಗಳಿಗೆ ಅಭ್ಯಾಸವಾಗುತ್ತಿದೆ. ಹಾಗೆ ಅಭ್ಯಾಸವಾದ ಪೈಲಟ್, ಮಳೆ ಮೋಡದ ನಡುವೆ ನಿಜವಾದ ಗುಡ್ಡ ಎದುರಾದಾಗ ಎರಡು ಸೆಕೆಂಡ್ ಅನುಮಾನಿಸಿದರೆ ಏನು ಗತಿ?

ಇದು ದೂರದ ಊರಿನ ಮಾತೂ ಅಲ್ಲ. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಕಡೆ, ಇಂಥ 465 ಘಟನೆ ವರದಿಯಾಗಿವೆ ಅಂತ ಕೇಂದ್ರ ಸರ್ಕಾರ ಲೋಕಸಭೆಗೆ ಹೇಳಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ದೆಹಲಿಯಲ್ಲಿ ಇಳಿಯಲು ಬರುತ್ತಿದ್ದ ವಿಮಾನಗಳಿಗೆ ಹೀಗಾದದ್ದನ್ನು ಒಪ್ಪಿಕೊಂಡಿತು, ವರದಿ ಬಂದ ಊರುಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಇತ್ತು. ವಿಮಾನಗಳು ಸುರಕ್ಷಿತವಾಗಿ ಇಳಿದವು. ವಿಮಾನಕ್ಕೆ ದಾರಿ ತೋರಿಸುವ, ನೆಲದ ಮೇಲಿನ ಹಳೆಯ ರೇಡಿಯೊ ವ್ಯವಸ್ಥೆಗಳು ಇನ್ನೂ ಇರುವುದು ಅದಕ್ಕೊಂದು ಕಾರಣ. ಹಳೆಯದು, ಖರ್ಚು ಜಾಸ್ತಿ ಅಂತ ಅವನ್ನು ಕಿತ್ತು ಹಾಕುವ ಮಾತು ಬಂದಾಗೆಲ್ಲ ನಾವು ಜೋರಾಗಿ ಬೇಡ ಅನ್ನಬೇಕು.

ನಮ್ಮ ಗಗನ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಜಿಪಿಎಸ್ ತಿದ್ದುವ ಆ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ, ಹೆಮ್ಮೆಯ ವಿಷಯ. ಆದರೆ ಅದು ಕೊಡುವುದು ನಿಖರತೆ. ಸಂಕೇತ ಕಳಿಸಿದ್ದು ಉಪಗ್ರಹವೋ, ನೆಲದ ಮೇಲಿನ ಕಿಡಿಗೇಡಿಯೋ ಅಂತ ಅದು ಹೇಳುವುದಿಲ್ಲ. ಸಂಕೇತಕ್ಕೆ ಸಹಿ ಹಾಕುವ ಕೆಲಸವನ್ನು ಜಿಪಿಎಸ್‌ನಂಥದ್ದೇ ಯುರೋಪಿನ ಉಪಗ್ರಹ ವ್ಯವಸ್ಥೆ ಗೆಲಿಲಿಯೊ 2025ರಲ್ಲಿ ಶುರು ಮಾಡಿದೆ.

ಕಾರಿಗೂ ಮದ್ದು ಅದೇ, ಸಂದೇಶಕ್ಕೆ ಸಹಿ. ಹಾಡಿನ ಪೆಟ್ಟಿಗೆ ಮತ್ತು ಬ್ರೇಕಿನ ನಡುವೆ ಗೋಡೆ. ಸಹಿಯಿಲ್ಲದ ಸಾಫ್ಟ್‌ವೇರ್ ಬಂದರೆ ಚಿಪ್ ಬೇಡ ಅನ್ನಬೇಕು. ಇದೆಲ್ಲ ಹೇಗೆ ಮಾಡುವುದು ಅಂತ ಎಲ್ಲರಿಗೂ ಗೊತ್ತಿದೆ, ಖರ್ಚಾಗುತ್ತದೆ ಅಂತ ಮುಂದೂಡುತ್ತಾರೆ ಅಷ್ಟೇ. ಕಾನೂನು ಬಂದರೆ ಮಾತ್ರ ಕೆಲಸ ನಡೆಯುತ್ತದೆ. 2024ರ ಜುಲೈನಿಂದ ಯುರೋಪಿನಲ್ಲಿ ಎಲ್ಲ ಹೊಸ ಕಾರುಗಳಿಗೂ ಸೈಬರ್ ಭದ್ರತೆಯ ನಿಯಮ ಕಡ್ಡಾಯವಾಯಿತು. ಅದಕ್ಕೆ ಹೊಂದಿಸಲಾಗದೆ ಪೋರ್ಷೆ ಕಂಪನಿ ಪೆಟ್ರೋಲ್ ಮಕಾನ್ ಕಾರನ್ನು ಅಲ್ಲಿ ಮಾರುವುದನ್ನೇ ನಿಲ್ಲಿಸಿತು. ನಮ್ಮಲ್ಲೂ ಎಐಎಸ್-189 ಅನ್ನೋ ಮಾನದಂಡ ಬರೆದಿದ್ದಾರೆ. ಅದು ಕಾಗದದಲ್ಲೇ ಕೂರಬಾರದು.

ಇಲ್ಲಿ ಕೂತಿರುವ ಎಂಜಿನಿಯರಿಂಗ್ ಮಕ್ಕಳಿಗೆ ಒಂದು ಮಾತು. ಜರ್ಮನಿಯ ಕಾರಿನ ಕೋಡ್ ಬಹಳಷ್ಟು ಬರೆಯುವುದು ಬೆಂಗಳೂರಿನಲ್ಲಿ. ಬೋಯಿಂಗ್‌ನ ದೊಡ್ಡ ಕೇಂದ್ರ ದೇವನಹಳ್ಳಿಯಲ್ಲಿದೆ. ನಿಮ್ಮಲ್ಲಿ ಹಲವರು ಆ ಕೆಲಸಕ್ಕೇ ಹೋಗುತ್ತೀರಿ. ಹಾಗಾಗಿ ಈಗಲೇ ಕಲಿಯಿರಿ, ದುಡ್ಡು ಬೇಡ. ಲಿನಕ್ಸ್‌ನಲ್ಲಿ ವಿಕ್ಯಾನ್ ಅನ್ನೋ ಸುಳ್ಳು ಕ್ಯಾನ್ ಬಸ್ ಮಾಡಿಕೊಳ್ಳಬಹುದು. ಐಸಿಸಿಮ್ ಅನ್ನೋ ಉಚಿತ ತಂತ್ರಾಂಶ ಅದರ ಮೇಲೆ ಸ್ಪೀಡೋಮೀಟರ್ ತೋರಿಸುತ್ತದೆ. ಕ್ಯಾನ್‌ಡಂಪ್‌ನಲ್ಲಿ ಸಂದೇಶ ನೋಡಿ, ಕ್ಯಾನ್‌ಸೆಂಡ್‌ನಲ್ಲಿ ನಿಮ್ಮದೊಂದು ಕಳಿಸಿ. ಬೇರೆಯವರ ಗಾಡಿ ಮಾತ್ರ ಮುಟ್ಟಬೇಡಿ, ಐಟಿ ಕಾಯ್ದೆ ಪ್ರಕಾರ ಅದು ಅಪರಾಧ. ಏನಾದರೂ ದೋಷ ಕಣ್ಣಿಗೆ ಬಿದ್ದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ಬರೆಯಿರಿ.

ಈಗ ಇದೇ ಪರದೆಯ ಮೇಲೆ ಅದನ್ನು ಮಾಡಿ ತೋರಿಸುತ್ತೇನೆ. ಮುಂದಿನ ಸಾಲಿನವರು ಯಾರಾದರೂ ಒಬ್ಬರು ಬನ್ನಿ, ಕೀಬೋರ್ಡ್ ನಿಮ್ಮ ಕೈಯಲ್ಲೇ ಇರಲಿ. ಅದು ಮುಗಿದ ಮೇಲೆ ಪ್ರಶ್ನೆ ಕೇಳಿ.